ದೊಡ್ಡ ಡಾಕ್ಟ್ರು ಓದಿದ ಪುಟ

ನಾನು ಡಾಕ್ಟರು, ದೆವ್ವ ಗಿವ್ವ ನಂಬುವವಳಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟ್ರು ರೋಗಿಯನ್ನು ಎದುರಿಗೆ ಕೂರಿಸಿಕೊಂಡೇ ವೈದ್ಯಕೀಯ ವೆಬ್‌ಸೈಟ್ ತೆರೆದು, ಲವಂಗ ಜಗಿಯುತ್ತಾ ಓದುತ್ತಿದ್ದರು. "ಗೊತ್ತಿದ್ರೂ ಒಂದ್ಸಲ ನೋಡಮ್ಮ, ನಿನ್ನ ಗಂಟೇನು ಹೋಗುತ್ತೆ?" ಅನ್ನೋರು. ನನಗೆಲ್ಲಿ ಅಷ್ಟು ತಾಳ್ಮೆ!

ಅವರು ತೀರಿಕೊಂಡ ಮೇಲೆ ಅವರ ಕೋಣೆ, ಕಂಪ್ಯೂಟರ್, ಲಾಗಿನ್ ಎಲ್ಲ ನನಗೆ ಬಂದವು. ಯಾವ ಪುಟವನ್ನು ಎಷ್ಟು ಹೊತ್ತಿಗೆ ಓದಿದೆವೆಂದು ಆ ಸೈಟು ಪಟ್ಟಿ ಇಡುತ್ತದೆ. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದರೆ ಮೌಸ್ ಬೆಚ್ಚಗಿತ್ತು, ಕೋಣೆಯೆಲ್ಲ ಲವಂಗದ ವಾಸನೆ. ಪಟ್ಟಿಯಲ್ಲಿ ಹೊಸ ಪುಟ: ಎದೆಯ ದೊಡ್ಡ ರಕ್ತನಾಳ ಸೀಳುವುದು. ಬೆಳಿಗ್ಗೆಯಷ್ಟೇ ಬೆನ್ನುನೋವೆಂದು ಬಂದ ಡ್ರೈವರಿಗೆ ಮಾತ್ರೆ ಕೊಟ್ಟು ಕಳಿಸಿದ್ದೆ. ಆ ನೋವು ಇದರಿಂದಲೂ ಬರಬಹುದು. ವಾಪಸ್ ಕರೆಸಿ ಸ್ಕ್ಯಾನ್ ಮಾಡಿಸಿದೆ. ಅದೇ ಆಗಿತ್ತು.

"ಸಿಸ್ಟರ್, ಇಲ್ಲಿ ಯಾರು ಕೂತಿದ್ರು?"

"ಬೀಗ ಹಾಕಿತ್ತಲ್ಲ ಮೇಡಂ, ಕೀ ನಿಮ್ಮ ಹತ್ರಾನೇ ಇದೆ."

ಆಮೇಲೆ ಇನ್ನೂ ಎರಡು ಸಲ ಹಾಗೇ ಆಯಿತು. ಎರಡೂ ಸಲ ರೋಗ ಗುರುತಿಸದೆ ತಪ್ಪಿದವಳು ನಾನೇ.

ಇವತ್ತು ರಜೆ ಹಾಕಿದ್ದೆ. ಮಗಳಿಗೆ ಜ್ವರ, ವೈರಲ್ ಇರಬೇಕೆಂದು ಸಿರಪ್ ಕುಡಿಸಿ ಮಲಗಿಸಿದೆ. ಯಾಕೋ ಮನಸ್ಸು ತಡೆಯದೆ ಫೋನಿನಲ್ಲಿ ಆ ಲಾಗಿನ್ ತೆರೆದೆ. ಹತ್ತು ನಿಮಿಷದ ಹಿಂದೆ ಒಂದು ಪುಟ ಓದಿದ್ದಾಗಿತ್ತು: ಮಕ್ಕಳಲ್ಲಿ ಮಿದುಳಿನ ಪೊರೆಯ ಸೋಂಕು.

ಇವತ್ತು ನಾನು ಮದ್ದು ಕೊಟ್ಟಿದ್ದು ಒಬ್ಬಳಿಗೇ. ಅವಳನ್ನು ಎತ್ತಿಕೊಂಡು ಓಡಿದೆ.

ಈಗ ಮಕ್ಕಳ ವಾರ್ಡಿನ ಹೊರಗೆ ಕೂತು ಇದನ್ನು ಬರೆಯುತ್ತಿದ್ದೇನೆ. ವರದಿ ಇನ್ನೂ ಬಂದಿಲ್ಲ. ಅವಳ ಫ್ರಾಕಿನಿಂದ ನನ್ನ ಕೈಗೆ ಹತ್ತಿದ ಲವಂಗದ ವಾಸನೆ ಮಾತ್ರ ಎಷ್ಟು ತೊಳೆದರೂ ಹೋಗುತ್ತಿಲ್ಲ.