ಮುಂದೆ ಕಟ್ಟುವ ಲಾಡಿ

ಗಾಜಿನ ಪೆಟ್ಟಿಗೆಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಒಳಗಿದ್ದ ಎರಡು ಕಾರ್ಸೆಟ್‌ಗಳಲ್ಲಿ ಒಂದು ಮಾಯ.

ಕಾರ್ಸೆಟ್ ಅಂದರೆ ಹಿಂದಿನ ಕಾಲದ ಬಿಳಿ ಹೆಂಗಸರು ಉಸಿರುಗಟ್ಟುವಂತೆ ಸೊಂಟ ಬಿಗಿಯುತ್ತಿದ್ದ ಒಳ ಉಡುಪು. ಅಡಿಲೇಡಿನ ಆ ಪುಟ್ಟ ಮ್ಯೂಸಿಯಮ್ಮಿಗೆ ನಮ್ಮ ಸೊಸೆ ಅದಿತಿ ಸೇರಿ ಎರಡೇ ತಿಂಗಳು. ಬೀಗದ ಕೈ ಇದ್ದದ್ದು ಅವಳ ಬಳಿ ಮತ್ತು ಇಪ್ಪತ್ತು ವರ್ಷದಿಂದ ಪುಕ್ಕಟೆ ದುಡಿಯುತ್ತಿದ್ದ ಡೊರೀನ್ ಬಳಿ. ಅನುಮಾನ ಯಾರ ಮೇಲೆ ಬಂತೆಂದು ಬೇರೆ ಹೇಳಬೇಕೆ?

"ಎರಡು ಗಂಟೆಗೆ ಪೊಲೀಸ್ ಕರೀತಾರಂತೆ. ನನ್ ಕೆಲಸ ಹೋಯ್ತು ಅತ್ತೆ," ಅಂತ ಫೋನಿನಲ್ಲಿ ಅಳು.

ನನ್ನ ಹೆಂಡತಿ ಚಂಪಾ ಮೈಸೂರಿನಲ್ಲಿ ಮೂವತ್ತೈದು ವರ್ಷ ರವಿಕೆ ಹೊಲಿದವಳು. "ರೀ, ಕಾರ್ ತೆಗೀರಿ," ಎಂದಳು. ನಾವಿದ್ದ ಬ್ಲೇರ್ ಅಥಾಲ್ ಬಡಾವಣೆಯಿಂದ ಹೊರಟೆವು. ನನ್ನ ಇಡ್ಲಿ ತಟ್ಟೆಯಲ್ಲೇ ಉಳಿಯಿತು.

*

ಮ್ಯೂಸಿಯಮ್ಮಿನ ಪೆಟ್ಟಿಗೆಯಲ್ಲಿ ಉಳಿದಿದ್ದದ್ದು ಮುತ್ತು ಪೋಣಿಸಿದ ರೇಷ್ಮೆಯದು.

"ಹೋಗಿದ್ದು?" ಚಂಪಾ ಅದಿತಿಯನ್ನು ಕೇಳಿದಳು.

"ಕಾಟನ್‌ದು. ಡೊರೀನ್ ಕೊಟ್ಟಿದ್ದು. ಅವರ ಮುತ್ತಜ್ಜಿ ಜಡ್ಜ್ ಹೆಂಡ್ತಿಯಂತೆ."

"ನಿನ್ನೆ ಬಲ್ಬ್ ಹಾಕೋಕೆ ಯಾವನೋ ಬಂದಿದ್ದನಂತಲ್ಲ, ಅವನೇ," ಎಂದೆ ನಾನು.

"ರೇಷ್ಮೆ ಬಿಟ್ಟು ಕಾಟನ್ ಕದೀತಾನಾ? ಸುಮ್ನಿರಿ."

ಕಾಣೆಯಾದ ಬಟ್ಟೆಗೆ ಚುಚ್ಚಿದ್ದ ಗುಂಡುಪಿನ್ನುಗಳನ್ನು ಯಾರೋ ಒಂದೊಂದಾಗಿ ಬಿಚ್ಚಿ ಸಾಲಾಗಿ ಇಟ್ಟಿದ್ದರು. ಚಂಪಾ ಅದನ್ನೇ ನೋಡಿದಳು. ಆಮೇಲೆ ಅದಿತಿಯ ಫೋನಿನಲ್ಲಿದ್ದ ಆ ಕಾಟನ್ ಕಾರ್ಸೆಟ್ಟಿನ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿದಳು.

"ಇವತ್ತು ಯಾರಾದ್ರೂ ಬರೋರಿದ್ರಾ?"

"ಹಳೇ ಬಟ್ಟೆ ಪರೀಕ್ಷೆ ಮಾಡೋ ಎಕ್ಸ್‌ಪರ್ಟ್. ನಿನ್ನೆ ಎಲ್ಲರಿಗೂ ಹೇಳಿದ್ದೆ."

"ಡೊರೀನ್‌ನ ಕರಿ."

*

ಚಂಪಾ ಕನ್ನಡದಲ್ಲಿ ಹೇಳಿದಳು, ಅದಿತಿ ಇಂಗ್ಲಿಷಿನಲ್ಲಿ.

"ನಿಮ್ಮ ಬ್ಯಾಗಲ್ಲಿದೆ, ಅಲ್ವಾ?"

ಡೊರೀನ್ ಕುರ್ಚಿ ಹಿಡಿದು ಕೂತರು.

"ರೇಷ್ಮೆಯದಕ್ಕೆ ಲಾಡಿ ಬೆನ್ನಿಗೆ. ಎಳೆದು ಕಟ್ಟೋಕೆ ಆಳು ಬೇಕು. ನಿಮ್ಮದಕ್ಕೆ ಲಾಡಿ ಮುಂದೆ, ತಾನೇ ಕಟ್ಕೊಂಡು ಕೆಲಸಕ್ಕೆ ಹೋಗೋಳದ್ದು. ಕಂಕುಳಲ್ಲಿ ಸವೆದು ತೇಪೆ ಬೇರೆ. ಜಡ್ಜ್ ಹೆಂಡ್ತಿ ನೆಲ ಒರೆಸ್ತಿದ್ಲಾ? ಎಕ್ಸ್‌ಪರ್ಟ್ ಒಂದೇ ನೋಟಕ್ಕೆ ಹೇಳ್ಬಿಡೋರು. ಬೀಗ ಒಡೆದಿಲ್ಲ, ಪಿನ್ನು ಕಿತ್ತಿಲ್ಲ. ಕಳ್ಳರಿಗೆ ಇಷ್ಟು ಅಕ್ಕರೆ ಇರಲ್ಲ."

ಡೊರೀನ್ ಬ್ಯಾಗಿನಿಂದ ಬಟ್ಟೆ ತೆಗೆದರು. "ನನ್ನ ಮುತ್ತಜ್ಜಿ ಆನಿ ಆ ಜಡ್ಜ್ ಮನೆಯ ಕೆಲಸದವಳು. ನಾನು ಜನ್ಮವಿಡೀ ಸುಳ್ಳು ಹೇಳಿದೆ. ಈ ಹುಡುಗಿಯ ಮೇಲೆ ಬರುತ್ತದೆಂದು ಯೋಚಿಸಲಿಲ್ಲ."

"ಯೋಚಿಸ್ಬೇಕಿತ್ತು!" ಚಂಪಾ ಸಿಡುಕಿದಳು. ಮರುಕ್ಷಣ ಅವರ ಕೈ ಹಿಡಿದಳು. "ಇದರಲ್ಲಿ ನಾಚಿಕೆ ಏನು? ನಮ್ಮಮ್ಮ ನಾಲ್ಕು ಮನೆ ಪಾತ್ರೆ ತೊಳೆದೇ ನಂಗೆ ಹೊಲಿಗೆ ಮಿಷನ್ ಕೊಡ್ಸಿದ್ದು."

ಡೊರೀನ್ ತಾವೇ ಡೈರೆಕ್ಟರ ಕೋಣೆಗೆ ಹೋಗಿ ಒಪ್ಪಿಕೊಂಡರು. ಅದಿತಿಯ ಕೆಲಸ ಉಳಿಯಿತು. ಪೆಟ್ಟಿಗೆಯ ವಿವರದ ಚೀಟಿಯಲ್ಲಿ ಜಡ್ಜ್ ಹೆಂಡತಿ ಹೋಗಿ ಆನಿ ಬಂದಳು.

ನಾನು ಮಾತ್ರ ಬೆಪ್ಪಾಗಿ ನಿಂತಿದ್ದೆ. ಮದುವೆಗೆ ಮುಂಚೆಯೇ ತೀರಿಕೊಂಡಿದ್ದ ನನ್ನತ್ತೆ ಸ್ಕೂಲ್ ಟೀಚರ್ ಎಂದೇ ಮೂವತ್ತೆಂಟು ವರ್ಷ ನಂಬಿದ್ದೆ.

"ಟೀಚರ್ ಅಂದಿದ್ಯಲ್ಲೇ?" ಎಂದೆ ಕಾರಿನಲ್ಲಿ.

"ನಿಜ ಹೇಳಿದ್ರೆ ನಿಮ್ಮನೆಯವರು ಒಪ್ತಿದ್ರಾ?"

ಒಪ್ಪುತ್ತಿರಲಿಲ್ಲ. ಅವಳು ಸುಳ್ಳು ಹೇಳಿದ್ದೇ ಒಳ್ಳೆಯದಾಯಿತು ಎಂದೆ. ಮನೆಗೆ ಹೋಗಿ ಇಡ್ಲಿ ಬಿಸಿ ಮಾಡಿ, ಪಾತ್ರೆ ನಾನೇ ತೊಳೆದೆ.