ಯಂತ್ರವಿಲ್ಲದ ಬಾಗಿಲು

ತಾಲೂಕು ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಿಗೆ ಕಮಾನಿನಂತೆ ಕೂಡಿಸಿದ್ದ ಉಸಿರುಶೋಧಕ ಹಸಿರು ದೀಪ ಉರಿಸುತ್ತ ನಿಂತಿತ್ತು. ಅಡಿಯಲ್ಲಿ ಹಾಯ್ದವರ ಉಸಿರನ್ನು ತುಸುವೇ ಹೀರಿ, ಹೊಟ್ಟೆಯಲ್ಲಿರುವ ವಿಷದ ಹೆಸರನ್ನು ಅದು ಗಟ್ಟಿಯಾಗಿ ಹೇಳುತ್ತಿತ್ತು. ಪೊಲೀಸ್ ಠಾಣೆಗೂ ಆಗಲೇ ಸುದ್ದಿ ಮುಟ್ಟಿಸುತ್ತಿತ್ತು. ಮೊದಲೆಲ್ಲ ಬೆಳೆಗೆ ಹೊಡೆಯುವ ಎಣ್ಣೆ ಕುಡಿದವರನ್ನು ತಂದು, ಮಾವಿನಕಾಯಿ ತಿಂದು ವಾಂತಿ ಎನ್ನುತ್ತಿದ್ದ ಮನೆಯವರ ಬಾಯಿ ಬಿಡಿಸುವಷ್ಟರಲ್ಲಿ ಜೀವ ಹೋಗಿರುತ್ತಿತ್ತು. ಈಗ ಆ ಕಾಟವಿಲ್ಲ. ಈ ಬೇಸಿಗೆಯಲ್ಲಂತೂ ವಿಷ ಕುಡಿದವರು ಒಬ್ಬರೂ ಬಂದಿರಲಿಲ್ಲ.

"ಯಂತ್ರದ ಅಂಜಿಕೆಗೇ ಜನ ಕುಡಿಯೋದು ಬಿಟ್ಟಿದ್ದಾರೆ ಡಾಕ್ಟರೇ," ಎಂದರು ಅದನ್ನು ಕಟ್ಟಿದ ವಿಜ್ಞಾನಿ ವಾದಿರಾಜರು, ಚಹಾ ಹೀರುತ್ತ. "ಇದರ ಮೇಲೇ ಪಿಎಚ್.ಡಿ. ಮಾಡಿ. ನಮ್ಮ ಸಂಸ್ಥೆಯಲ್ಲಿ ನಿಮಗಾಗಿ ಸೀಟು ಇಟ್ಟಿದ್ದೇನೆ. ಇನ್ನೆಷ್ಟು ವರ್ಷ ಇಲ್ಲಿ ಮಂದಿಯ ವಾಂತಿ ಬಳಿಯುತ್ತೀರಿ?"

ಡಾಕ್ಟರ್ ಗಂಗಾಂಬಿಕಾಗೆ ಹೋಗುವ ಆಸೆಯಿತ್ತು. ಆದರೆ ಖಾಲಿ ಮಂಚಗಳನ್ನು ಕಂಡಾಗಲೆಲ್ಲ ಏನೋ ಅನುಮಾನ ಕಾಡುತ್ತಿತ್ತು. ಅಂಗಡಿಗಳಲ್ಲಿ ಬೆಳೆಯ ಎಣ್ಣೆ ಮೊದಲಿನಂತೆಯೇ ಮಾರಾಟವಾಗುತ್ತಿತ್ತು, ಮನೆಗಳ ಜಗಳವೂ ನಿಂತಿರಲಿಲ್ಲ. ಮನುಷ್ಯರು ಇಷ್ಟು ಬೇಗ ಬದಲಾಗುತ್ತಾರೆಯೇ?

ಕಿಟಕಿಯಾಚೆ ಬೇವಿನ ಮರದಡಿ ಒಂದು ಟಂಟಂ ಆಟೋ ಬಂದು ನಿಂತಿತು. ಎಂಜಿನ್ ಆರಲಿಲ್ಲ, ಯಾರೂ ಇಳಿಯಲಿಲ್ಲ. ಗಂಗಾಂಬಿಕಾ ಎದ್ದು ಹೊರಗೆ ಹೋದಳು. ಚಹಾದ ಕಪ್ಪು ಹಿಡಿದುಕೊಂಡೇ ವಾದಿರಾಜರೂ ಹಿಂದೆ ಬಂದರು.

"ಡಾಕ್ಟರವ್ವಾ, ಮಷಿನ್ ಇಲ್ಲದ ಬಾಗಲಾ ಯಾವ್ದೈತಿ?" ಸೆರಗು ಬಾಯಿಗೊತ್ತಿಕೊಂಡು ಮುದುಕಿಯೊಬ್ಬಳು ಕೇಳಿದಳು.

"ಯಾಕವ್ವಾ, ಏನಾಗೈತಿ?"

"ಸೊಸಿಗೆ ಪಿತ್ತ ಆಗೈತಿ, ಅಷ್ಟ."

ಟಂಟಂ ಒಳಗೆ ಸೊಸೆ ರೇಣವ್ವನ ಬಾಯಲ್ಲಿ ನೊರೆ ಬರುತ್ತಿತ್ತು. ಕಣ್ಣಪಾಪೆ ಸಾಸಿವೆಯಷ್ಟಾಗಿತ್ತು. ಆ ವಾಸನೆ ಹಿಡಿಯಲು ಯಂತ್ರ ಬೇಕಿರಲಿಲ್ಲ. ಗಂಗಾಂಬಿಕಾ ನರ್ಸನ್ನು ಕೂಗಿ, ವಿಷಕ್ಕೆ ಕೊಡುವ ಅಟ್ರೋಪಿನ್ ತರಿಸಿ, ಟಂಟಂನಲ್ಲೇ ಚುಚ್ಚಿದಳು. ಮತ್ತೊಮ್ಮೆ ಚುಚ್ಚಿದಳು. ನಾಡಿ ಚುರುಕಾದ ಮೇಲೆಯೇ ತಲೆಯೆತ್ತಿದ್ದು.

"ನೆಟ್ಟಗ ಒಳಗ ತರಬಾರದೇನವ್ವಾ?"

"ಅದು ಮಂದಿ ಮುಂದ ಒದರತೈತಿ. ಪೊಲೀಸ್ರು ಮನಿಗೆ ಬರ್ತಾರ. ಹಿಂಗ ಅಂಜಿ ನಮ್ಮ ಓಣ್ಯಾಗ ಎಣ್ಣಿ ಕುಡದ ಇಬ್ಬರನ್ನ ಮನ್ಯಾಗ ಇಟಗೊಂಡು ಕುಂತ್ರು. ಇಬ್ಬರೂ ಮಣ್ಣಾದ್ರು. ನಾ ಏನರ ಆಗ್ಲಿ ಅಂತ ಬಂದೆ."

"ಇಬ್ಬರೇ? ಬೇರೆ ಕಡೆ?" ವಾದಿರಾಜರು ಮುಂದೆ ಸರಿದು ಕೇಳಿದರು.

"ಬ್ಯಾರೆ ಊರಿಂದು ನನಗ ಹ್ಯಾಂಗ ಗೊತ್ತಾಗಬೇಕ್ರಿ ಸಾಹೇಬ್ರ?"

ಗಂಗಾಂಬಿಕಾ ಹೋಗಿ ಕಮಾನಿನ ತಂತಿ ಕಿತ್ತಳು. ದೀಪ ಆರಿತು. ರೇಣವ್ವನನ್ನು ಅದರಡಿಯೇ ಒಳಗೆ ಹೊತ್ತು ತಂದರು.

"ಪಿಎಚ್.ಡಿ. ಮಾಡುತ್ತೇನೆ ಸರ್," ಎಂದಳು ಕೈ ತೊಳೆಯುತ್ತ. "ಈ ಕೆಲಸದಲ್ಲಿ ಇದ್ದುಕೊಂಡೇ. ಅಂಜಿ ಆಸ್ಪತ್ರೆಗೆ ಬಾರದವರನ್ನು ಹುಡುಕಬೇಕು. ಓಣಿ ಓಣಿ ತಿರುಗಬೇಕು, ನೀವೂ ಬನ್ನಿ. ಯಂತ್ರ ಕಟ್ಟಿದವರು ಅಂತ ಮಾತ್ರ ಹೇಳಬೇಡಿ. ಯಾರೂ ಬಾಗಿಲು ತೆಗೆಯುವುದಿಲ್ಲ."