ಯಾ ಸಾತಿರ್ ಎಂದವನು

"ಹೇಸಿಗೆ ಅನ್ಸಲ್ವಾ ನಿಮ್ಗೆ?"

ಬಾಗಿಲು ದೂಡಿದ ರಭಸಕ್ಕೆ ಮೇಜಿನ ಮೇಲಿದ್ದ ಚಹಾ ತುಳುಕಿತು. ಬೇಯಿಸಿದ ಫೂಲ್ ಕಾಳು ತುಂಬಿದ ರೊಟ್ಟಿಯನ್ನು ಬಾಯಿಯ ಹತ್ತಿರ ತಂದಿದ್ದ ರವೂಫ್ ಹಾಗೆಯೇ ಎದ್ದು ನಿಂತ.

ಎದುರಿಗೆ ಇನಾಸ್! ಕಣ್ಣಲ್ಲಿ ಕೆಂಡ, ಕೈಯಲ್ಲಿ ಫೋನು.

"ಬಾಷ್‌ಮುಹಂದಿಸ್ ರವೂಫ್ ಅನ್ನೋರು ನೀವೇ ತಾನೇ? ದೊಡ್ಡ ಇಂಜಿನಿಯರ್ ಸಾಹೇಬರು?"

"ಹೌದು... ನೀವು ಮಿಸ್ ಇನಾಸ್ ಅಲ್ವಾ?"

ಅದೇ ದನಿ!

ಅವಳ ಎದೆ ಒಂದು ಕ್ಷಣ ಝಲ್ಲೆಂದಿತು. ಅಲೆಕ್ಸಾಂಡ್ರಿಯಾದ ಈ ತರಬೇತಿ ಕೇಂದ್ರದ ಪರವಾಗಿ ಅವಳು ಹೆಂಗಸರಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಮನೆಯಿಂದಲೇ, ಕಂಪ್ಯೂಟರಿನಲ್ಲಿ. ಚಿತ್ರ ನಿಂತರೆ, ಮಾತು ಕೇಳಿಸದಿದ್ದರೆ ಫೋನ್ ಮಾಡುತ್ತಿದ್ದುದು ಇವನಿಗೆ.

'ಗಾಬರಿ ಆಗ್ಬೇಡಿ ಮಿಸ್ ಇನಾಸ್. ಒಂದ್ಸಲ ಆಫ್ ಮಾಡಿ, ಆನ್ ಮಾಡಿ...'

ಆ ದನಿ ಕೇಳುವ ಆಸೆಗೆ ಚಳಿಗಾಲದಲ್ಲಿ ಒಂದೆರಡು ಸಲ ಏನೂ ಕೆಟ್ಟಿರದಿದ್ದರೂ ಕೆಟ್ಟಿದೆ ಎಂದು ಸುಳ್ಳು ಹೇಳಿದ್ದಳು ನಮ್ಮ ಹುಡುಗಿ. ಮುಖ ನೋಡುತ್ತಿರುವುದು ಇವತ್ತೇ ಮೊದಲು. ನೋಡಲೂ ಲಕ್ಷಣವಾಗಿದ್ದ. ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು.

ಇಂಥ ದನಿಗೆ ಇಂಥ ಕೊಳಕು ಬುದ್ಧಿಯೇ? ಛೀ!

ಅವಳು ಫೋನನ್ನು ಅವನ ಮೂಗಿನ ಮುಂದೆ ಹಿಡಿದಳು. ಪರದೆಯ ಮೇಲೆ ಒಂದೇ ಸಾಲು.

'ಅಡ್ಮಿನ್ ರವೂಫ್ ಅಬ್ದುಲ್‌ಮಲಿಕ್ ನಿಮ್ಮ ತರಗತಿಗೆ ಭೇಟಿ ನೀಡಿದ್ದಾರೆ.'

"ಏನಿದು?"

"ಸಾಫ್ಟ್‌ವೇರ್ ಹೊಸದಾಗಿದೆ. ಈಗ ಅಡ್ಮಿನ್ ಯಾವ ತರಗತಿಗೆ ಬೇಕಾದ್ರೂ..."

"ನುಗ್ಬಹುದು! ಕರೀದೇನೇ! ಅಲ್ವಾ? ಅಲ್ಲಿ ಬರೀ ಹೆಂಗಸರು ಇರ್ತಾರೆ. ಅವರವರ ಮನೇಲಿ, ಮನೆ ಬಟ್ಟೇಲಿ, ತಲೆಗೂದಲು ಬಿಟ್ಕೊಂಡು ಕೂತಿರ್ತಾರೆ. ಗಂಡಸರ ನೆರಳೂ ಬೀಳಲ್ಲ ಅಂತ ನಾನು ಮಾತು ಕೊಟ್ಟಿದ್ದೀನಿ ಅವ್ರಿಗೆ. ನಿನ್ನೆ ನಿಮ್ಮ ಹೆಸರು ನೋಡಿ ವಯಸ್ಸಾದ ಉಮ್ ಶೌಕಿ ಸೊಪ್ಪು ತೊಳೆಯೋ ಜರಡೀನೇ ತಲೆ ಮೇಲೆ ಕವುಚ್ಕೊಂಡ್ರು!"

ಅವನು ತಲೆ ತಗ್ಗಿಸಿದ.

"ನಲ್ಲಿ ರಿಪೇರಿಗೆ ಬರೋನು ಕೂಡ ಮೆಟ್ಟಿಲ ಮೇಲೆ ನಿಂತು 'ಯಾ ಸಾತಿರ್' ಅಂತ ಕೂಗಿ ಬರ್ತಾನೆ. ನಿಮ್ಗೆ ಅಷ್ಟೂ ಸಂಸ್ಕಾರ ಇಲ್ವಾ?"

ನಮ್ಮೂರಿನಲ್ಲಿ ಅದು ಗಂಡಸಿನ ಮೊದಲ ಮರ್ಯಾದೆ. 'ಮರೆಮಾಡುವ ದೇವರೇ' ಎಂದು ಜೋರಾಗಿ ಕೂಗಿ, ಒಳಗಿನ ಹೆಂಗಸರು ತಲೆವಸ್ತ್ರ ಎಳೆದುಕೊಳ್ಳುವಷ್ಟು ಹೊತ್ತು ನಿಂತು, ಆಮೇಲೆ ಹೆಜ್ಜೆ ಇಡಬೇಕು. ಕುಡುಕ ಕೂಡ ಅದನ್ನು ಮರೆಯುವುದಿಲ್ಲ.

ಪಕ್ಕದಲ್ಲಿ ನಿರ್ದೇಶಕರ ಕೋಣೆ. ಬಾಗಿಲು ಅರ್ಧ ತೆರೆದಿತ್ತು. ಅಲ್ಲಿಂದ ಟಕ್, ಟಕ್ ಎಂದು ಕಲ್ಲಂಗಡಿ ಬೀಜ ಒಡೆಯುವ ಸದ್ದು ಬರುತ್ತಿತ್ತು. ರವೂಫ್ ಆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ.

"ಮಿಸ್ ಇನಾಸ್, ನನ್ನ ಹೆಸರು ಕಂಡ ಕೂಡ್ಲೇ ಎಲ್ಲರ ಕ್ಯಾಮೆರಾನೂ ಆಫ್ ಮಾಡ್ಸಿ."

"ಅಂದ್ರೆ... ಮತ್ತೆ ಬರ್ತೀರಾ?"

"ಬರ್ತೀನಿ."

ಅವಳಿಗೆ ಕಿವಿಗಳನ್ನೇ ನಂಬಲಾಗಲಿಲ್ಲ. ಎಂಥ ನಿರ್ಲಜ್ಜ!

"ಥೂ ನಿಮ್ಮ ಜನ್ಮಕ್ಕೆ!" ಎಂದು ಹೊರಟುಹೋದಳು. ಅವನು ಆ ರೊಟ್ಟಿಯನ್ನು ಮತ್ತೆ ಮುಟ್ಟಲಿಲ್ಲ.

ಮನೆಗೆ ಬಂದು ಸೋಪು ಹಾಕಿ ಕೈ ತೊಳೆದಳು. ಮತ್ತೆ ತೊಳೆದಳು. ಜಿಡ್ಡು ಹೋಗಲೇ ಇಲ್ಲ ಅನ್ನಿಸಿತು. ಅಮ್ಮ ಮಾಡಿದ್ದ ಹುರಿದ ಮೀನು ಬಾಯಿಗೆ ಸೇರಲಿಲ್ಲ.

'ನಾನೆಂಥ ಪೆದ್ದಿ! ಇವನ ದನಿಗೆ ಮನಸ್ಸು ಕೊಟ್ಟೆನಲ್ಲ...'

ಅವನು ಹೇಳಿದಂತೆಯೇ ಮತ್ತೆ ಬಂದ. ಒಮ್ಮೆಯಲ್ಲ, ಸಂಜೆ ಬಿಟ್ಟು ಸಂಜೆ. ಆ ಸಾಲು ಪರದೆಯ ಮೇಲೆ ಮೂಡುತ್ತಿದ್ದಂತೆ ಹೆಂಗಸರ ಚಿತ್ರಗಳು ಪಟಪಟನೆ ಆರಿಹೋಗುತ್ತಿದ್ದವು.

"ಬಂದ ನೋಡ್ರೇ ಮುಂಡೇಗಂಡ! ಅವನ ಕಣ್ಣಿಗೆ ಈರುಳ್ಳಿ ಹಿಂಡ!" ಎಂದು ಕತ್ತಲೆಯೊಳಗಿನಿಂದ ಉಮ್ ಶೌಕಿ ಶಾಪ ಹಾಕುತ್ತಿದ್ದರು. ಕಸೂತಿ ಹಾಕಿದ ಬಟ್ಟೆಗಳನ್ನು ಪ್ರವಾಸಿಗರಿಗೆ ಮಾರಲು ಇಂಗ್ಲಿಷ್ ಕಲಿಯುತ್ತಿದ್ದ ಹಿರಿಯ ಹೆಂಗಸು.

ಹನಿಯ್ಯ ಎಂಬ ಎಳೆಯ ಗೃಹಿಣಿಗೆ ಮಾತ್ರ ಅಳು ಬರುತ್ತಿತ್ತು.

"ಮಿಸ್, ಆಸ್ಪತ್ರೆ ಕೆಲಸದ ಪರೀಕ್ಷೆ ಮುಂದಿನ ತಿಂಗಳು. ಬರೀ ಹೆಂಗಸರು ಅಂತ ಆಣೆ ಹಾಕಿ ಮನೇಲಿ ಒಪ್ಪಿಸಿದ್ದೀನಿ. ಇದು ನನ್ನ ಗಂಡನ ಕಿವಿಗೆ ಬಿದ್ರೆ... ಓದು ಅಲ್ಲಿಗೇ ಮುಗೀತು."

"ನಾನಿದ್ದೀನಿ ಹನಿಯ್ಯ. ಮಾತು ಕೊಟ್ಟಿದ್ದೀನಲ್ಲ!"

ಮಾತೇನೋ ಕೊಟ್ಟಿದ್ದಳು. ಉಳಿಸಿಕೊಳ್ಳುವುದು ಹೇಗೆ? ಕೊನೆಗೆ ನಿರ್ದೇಶಕ ಬದ್ರಾನ್ ಅವರಿಗೇ ದೂರು ಕೊಡುವುದೆಂದು ನಿರ್ಧರಿಸಿದಳು.

ಅಷ್ಟರಲ್ಲಿ ಒಂದು ಸಂಜೆ ಆ ಹೆಸರು ಬರಲೇ ಇಲ್ಲ. ಹೆಂಗಸರಿಗೆ ಹೋದ ಜೀವ ಬಂದಂತಾಯಿತು! ಎಲ್ಲರೂ ಕ್ಯಾಮೆರಾ ಹಚ್ಚಿದರು, ಬಣ್ಣಗಳ ಹೆಸರು ಕಲಿತರು, ನಕ್ಕರು. ಕಪ್ಪು ಎಂಬ ಪದ ಬಂದಾಗ ಉಮ್ ಶೌಕಿ ಕೇಳಿದರು.

"ಮಗಳೇ, ನಿಮ್ಮ ಬದ್ರಾನ್ ಮೀಸೆಗೆ ಹಚ್ಚೋದು ಬಣ್ಣಾನೋ, ಬೂಟ್ ಪಾಲಿಶೋ?"

ಇನಾಸ್ ಕೂಡ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮರುದಿನ ಬೆಳಿಗ್ಗೆ ಅವಳು ದೂರು ಹೇಳಲು ನಿರ್ದೇಶಕರ ಕೋಣೆಗೆ ಹೋದಳು. ಬದ್ರಾನ್ ಬೀಜ ಒಡೆಯುತ್ತಾ, ಸಿಪ್ಪೆಯನ್ನು ಅರ್ಧ ಕುಡಿದ ಚಹಾದ ಲೋಟಕ್ಕೆ ಉಗಿಯುತ್ತಾ ಕೂತಿದ್ದ. ಸಿಪ್ಪೆಗಳು ಚಹಾದಲ್ಲಿ ತೇಲುತ್ತಿದ್ದವು. ಸೆಂಟಿನ ವಾಸನೆ, ಬೆವರಿನ ವಾಸನೆ ಎರಡೂ ಸೇರಿ ಮೂಗಿಗೆ ಹೊಡೆಯುತ್ತಿತ್ತು. ಇಂಥವನಿಗೂ 'ಬೇ, ಬೇ', ಅಂದರೆ ದೊರೆ, ದೊರೆ ಎಂದು ಬಾಲ ಅಲ್ಲಾಡಿಸುವವರಿದ್ದಾರೆ, ಅವರ ಬಾಯಿಗೆ ಮಣ್ಣು ಹಾಕ!

"ಉಸ್ತಾಜ್ ಬದ್ರಾನ್, ನಮ್ಮ ತರಗತಿ ವಿಷಯ ಒಂದು..."

"ಬಾ, ಬಾ ಮಿಸ್ ಇನಾಸ್." ಅವನು ಮೀಸೆ ತೀಡಿ ಹಲ್ಲು ಕಿರಿದ. "ನೀನೇ ಹೇಳು. ಇದು ಬಣ್ಣಾನೋ, ಬೂಟ್ ಪಾಲಿಶೋ?"



ನಿನ್ನೆ ಯಾವ ಹೆಸರೂ ಕಂಡಿರಲಿಲ್ಲ. ಯಾವ ಹೆಸರೂ! ಆದರೂ ಇವನಿಗೆ ಹೇಗೆ...

"ನೀವು... ಅಲ್ಲಿದ್ರಾ?"

"ನನ್ನ ಕೇಂದ್ರ, ನನ್ನ ತರಗತಿ! ಮಾಲೀಕನ ಖಾತೆಗೆ ಬಾಗಿಲೂ ಇಲ್ಲ, ಗಂಟೇನೂ ಇಲ್ಲ. ಹೊಸ ಸೌಲಭ್ಯಗಳಲ್ಲಿ ನನಗೆ ಹಿಡಿಸಿದ್ದು ಇದೊಂದೇ ನೋಡು. ದುಡ್ಡು ಕೊಟ್ಟು ಸಿನಿಮಾಕ್ಕೆ ಯಾಕೆ ಹೋಗ್ಬೇಕು?" ಟಕ್ ಎಂದು ಇನ್ನೊಂದು ಬೀಜ ಒಡೆದ. "ಆ ರವೂಫ್ ಒಬ್ಬ ಕತ್ತೆ. ನಾನು ಒಳಗೆ ಹೋದ ತಕ್ಷಣ ಅವನೂ ತನ್ನ ಹೆಸರು ಹಾಕ್ಕೊಂಡು ಬರ್ತಿದ್ದ. ನೀವೆಲ್ಲ ದೀಪ ಆರಿಸ್ಬಿಡ್ತಿದ್ರಿ! ನಿನ್ನೆ ಕುತ್ತಿಗೆ ಹಿಡಿದು ಆಚೆ ದಬ್ಬಿದೆ."

ಇನಾಸ್ ಕುರ್ಚಿಯ ಬೆನ್ನು ಹಿಡಿದುಕೊಂಡಳು.

'ನನ್ನ ಹೆಸರು ಕಂಡ ಕೂಡ್ಲೇ ಎಲ್ಲರ ಕ್ಯಾಮೆರಾನೂ ಆಫ್ ಮಾಡ್ಸಿ...'

ಅಯ್ಯೋ ದೇವರೇ! ಅವನು ಇಣುಕಲು ಬರುತ್ತಿರಲಿಲ್ಲ. ಕೂಗಲು ಬರುತ್ತಿದ್ದ! ಆ ಒಂದು ಸಾಲೇ ಅವನ 'ಯಾ ಸಾತಿರ್' ಆಗಿತ್ತು. ಅವಳು ಅವನ ಮುಖಕ್ಕೆ ಉಗಿದಿದ್ದಳು.

"ವಿಷಯ ಹೊರಗೆ ಹೋದ್ರೆ ಹೆಂಗಸರ ತರಗತೀನೇ ಮುಚ್ತೀನಿ. ನಿನ್ನ ಕೆಲಸಾನೂ ಹೋಗುತ್ತೆ. ತಿಳೀತಾ?" ಎಂದ ಬದ್ರಾನ್.

ಅವಳು ಹೊರಗೆ ಓಡಿದಳು. ಕೇಂದ್ರದ ಬಚ್ಚಲಿಗೆ ಹೋಗಿ ವಾಂತಿ ಮಾಡಿದಳು.

ಆ ಸಂಜೆ ತರಗತಿ ಎಂದಿನಂತೆ ಶುರುವಾಯಿತು. ಹೆಂಗಸರು ಒಬ್ಬೊಬ್ಬರಾಗಿ ಸೇರುತ್ತಿದ್ದಂತೆ ಇನಾಸ್ ಹೇಳಿದಳು.

"ಎಲ್ಲರೂ ಮೊದಲು ಕ್ಯಾಮೆರಾ ಆಫ್ ಮಾಡಿ. ನಾನೊಬ್ಬಳೇ ಕಾಣ್ತೀನಿ, ಸಾಕು."

ಅವಳು ತಲೆವಸ್ತ್ರವನ್ನು ಬಿಗಿಯಾಗಿ ಸುತ್ತಿಕೊಂಡಿದ್ದಳು.

"ಉಸ್ತಾಜ್ ಬದ್ರಾನ್, ನೀವಿಲ್ಲಿ ಇದ್ದೀರ ಅಂತ ನನಗೆ ಗೊತ್ತು. ಬೀಜ ತಿಂತಾ ಕೂತಿದ್ದೀರ. ಅಕ್ಕಂದಿರೇ, ನಮ್ಮನ್ನ ಕದ್ದು ನೋಡ್ತಿದ್ದೋನು ರವೂಫ್ ಅಲ್ಲ, ಇವನು! ನಾನು ಕೊಟ್ಟ ಮಾತು ಮುರಿದುಹೋಗಿದೆ. ಕ್ಷಮಿಸಿ. ಕೆಲಸ ಬಿಡ್ತಿದ್ದೀನಿ."

ಕಪ್ಪು ಚೌಕಗಳಿಂದ ಬೈಗುಳಗಳ ಸುರಿಮಳೆ!

"ಥೂ, ಬೂಟ್ ಪಾಲಿಶು!"

"ನಿನ್ನ ಕಣ್ಣು ಸೇದಿಹೋಗ!"

"ಅಕ್ಕತಂಗೀರು ಇಲ್ವೇನೋ ನಿನ್ಗೆ?" ಇದು ಹನಿಯ್ಯ. ಅವಳ ದನಿ ಅಷ್ಟು ಜೋರಾಗಿದ್ದುದನ್ನು ಯಾರೂ ಕೇಳಿರಲಿಲ್ಲ.

ಮರುಕ್ಷಣ ತರಗತಿಯೇ ಮಾಯವಾಯಿತು. ಬದ್ರಾನ್ ಮುಚ್ಚಿಬಿಟ್ಟಿದ್ದ. ಇನಾಸ್ ಖಾಲಿ ಪರದೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಆದರೆ ಮರುದಿನ ಸಂಜೆ ಮುಹರ್ರಮ್ ಬೇ ಓಣಿಯಲ್ಲಿ ಇನಾಸ್ ವಾಸವಿದ್ದ ಲಿಫ್ಟಿಲ್ಲದ ಕಟ್ಟಡದ ಮೆಟ್ಟಿಲುಗಳಲ್ಲಿ ಏದುಸಿರು ಕೇಳಿಸಿತು. ಮುಂದೆ ಉಮ್ ಶೌಕಿ, ಹಿಂದೆ ಉಳಿದವರೆಲ್ಲ!

"ಮಗಳೇ, ತರಗತಿ ಇಲ್ಲೇ ನಡೀಲಿ. ನಿಮ್ಮಮ್ಮ ಚಹಾ ಕೊಡ್ತಾಳೆ, ನಾನು ಬಾಗಿಲು ಕಾಯ್ತೀನಿ. ಹನಿಯ್ಯನ ಗಂಡನ ಹತ್ರ ನಾನೇ ಮಾತಾಡಿ ಒಪ್ಪಿಸಿದ್ದೀನಿ."

"ನನ್ನ ಪರೀಕ್ಷೆ ತಪ್ಪಿಸ್ಬೇಡಿ ಮಿಸ್!" ಎಂದು ಹನಿಯ್ಯ ಅವಳನ್ನು ತಬ್ಬಿಕೊಂಡಳು.

ಇನಾಸ್‌ಗೆ ಖುಷಿಯಾಯಿತು. ಆದರೂ ಒಳಗೊಂದು ಮುಳ್ಳು ಚುಚ್ಚುತ್ತಲೇ ಇತ್ತು. ಹೆಂಗಸರನ್ನು ಕೂರಿಸಿ, ಅಡುಗೆಮನೆಗೆ ಹೋಗಿ ಆ ನಂಬರ್ ಒತ್ತಿದಳು.

"ಹಲೋ..." ಅದೇ ದನಿ. ಸ್ವಲ್ಪ ಬಳಲಿತ್ತು.

"ನಾನು... ಇನಾಸ್. ಏನೋ ಒಂದು ಕೆಟ್ಟುಹೋಗಿದೆ. ನಾನೇ ಕೆಡಿಸಿದ್ದು. ಸರಿ ಮಾಡೋಕಾಗುತ್ತಾ?"

ಆ ಕಡೆಯಿಂದ ಮೆಲ್ಲಗೆ ಉತ್ತರ ಬಂತು.

"ಒಂದ್ಸಲ ಆಫ್ ಮಾಡಿ... ಆನ್ ಮಾಡಿ ನೋಡಿದ್ರಾ?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಯಾಕೆ ಹೇಳ್ಲಿಲ್ಲ ರವೂಫ್? ಅಷ್ಟೆಲ್ಲ ಬೈದ್ರೂ ಯಾಕೆ ಸುಮ್ನಿದ್ರಿ?"

"ಪಕ್ಕದಲ್ಲೇ ಅವನಿದ್ದ. ಹೇಳಿದ್ರೆ ತರಗತಿ ಮುಚ್ತೀನಿ ಅಂದಿದ್ದ. ಅದೂ ಅಲ್ದೆ..." ಅವನ ದನಿ ಕುಗ್ಗಿತು. "ಅವನ ಹೆಸರು ಯಾರಿಗೂ ಕಾಣದ ಹಾಗೆ ಮಾಡಿಕೊಟ್ಟೋನು ನಾನೇ. ಮಾಡು ಅಂದ, ಹೆದರಿ ಮಾಡಿದೆ. ಆಮೇಲೆ ನನ್ನ ಮೇಲೆ ನನಗೇ ಹೇಸಿಗೆ ಆಯ್ತು. ನೀವು ಉಗಿದಾಗ ಇದು ನನಗೆ ಸಲ್ಲಬೇಕಾದ್ದೇ ಅನ್ನಿಸ್ತು."

"ತಪ್ಪು ಮಾಡಿದ್ರಿ."

"ಹೌದು."

"ನಮ್ಮನ್ನ... ನೋಡಿದ್ರಾ?"

"ಇಲ್ಲ! ಪ್ರತಿ ಸಲ ಪರದೆಗೆ ಬೆನ್ನು ಹಾಕಿ ಕೂರ್ತಿದ್ದೆ. ದೇವರಾಣೆ."

ಅವಳು ಕಣ್ಣು ಮುಚ್ಚಿಕೊಂಡಳು. ಒಬ್ಬಂಟಿ ಕೋಣೆಯಲ್ಲಿ, ಯಾರೂ ನೋಡದಿರುವಾಗಲೂ ಗೋಡೆಗೆ ಮುಖ ಮಾಡಿ ಕೂತ ಗಂಡಸು! ಎಷ್ಟೋ ದಿನಗಳಿಂದ ಕೈಗೆ ಅಂಟಿಕೊಂಡಿದ್ದ ಆ ಜಿಡ್ಡು ಆಗ ಹೋಯಿತು.

"ತಪ್ಪು ಮಾಡಿದೋರು ಫೋನಲ್ಲಿ ಕ್ಷಮೆ ಕೇಳಲ್ಲ," ಎಂದಳು ಮೆಲ್ಲಗೆ. "ಮನೆಗೆ ಬಾಗಿಲಿಂದಲೇ ಬರ್ತಾರೆ."

ನಮ್ಮಲ್ಲಿ ಹುಡುಗಿಯೊಬ್ಬಳು ಹೀಗೆ ಹೇಳಿದರೆ ಅದರ ಅರ್ಥ ಒಂದೇ. ಹೆಣ್ಣು ಕೇಳಲು ಬರುವವನೇ ಬಾಗಿಲಿನಿಂದ ಬರುತ್ತಾನೆ.

"ಬಾಗಿಲಿಂದ...? ನಿಜವಾಗ್ಲೂನಾ?"

ಅವಳು ಫೋನ್ ಇಟ್ಟುಬಿಟ್ಟಳು!

ಆ ವಾರದ ಕೊನೆಯ ತರಗತಿ. ಮನೆ ತುಂಬ ಹೆಂಗಸರು. ಕೆಳಗಿನ ಮೆಟ್ಟಿಲುಗಳಿಂದ ಗಟ್ಟಿಯಾದ ದನಿಯೊಂದು ಮೇಲೇರಿ ಬಂತು.

"ಯಾ ಸಾತಿರ್! ಯಾ ಸಾತಿರ್!"

ಎಲ್ಲರ ತಲೆವಸ್ತ್ರಗಳೂ ಸರಸರನೆ ಮೇಲೇರಿದವು. ಉಮ್ ಶೌಕಿ ಬಾಗಿಲಲ್ಲಿ ನಿಂತು ಗದರಿದರು.

"ಯಾರಪ್ಪಾ ಅದು?"

"ಅಡ್ಮಿನ್ ರವೂಫ್ ಅಬ್ದುಲ್‌ಮಲಿಕ್... ನಿಮ್ಮ ತರಗತಿಗೆ ಭೇಟಿ ನೀಡಿದ್ದಾರೆ!"

ಇಡೀ ಮನೆ ಗೊಳ್ಳೆಂದು ನಕ್ಕಿತು. ಇನಾಸ್ ಮಾತ್ರ ನಗಲಾರದೆ ಬಾಗಿಲಿಗೆ ಓಡಿದಳು. ಅವನು ಅರ್ಧ ಮಹಡಿ ಕೆಳಗೆ, ಬಸ್ಬೂಸ ಸಿಹಿಯ ಡಬ್ಬಿ ಹಿಡಿದು, ಗೋಡೆಗೆ ಮುಖ ಮಾಡಿ ನಿಂತಿದ್ದ. ಪಕ್ಕದಲ್ಲಿ ಅವನ ತಾಯಿ ತಲೆವಸ್ತ್ರದ ಅಂಚಿನಿಂದ ಬೆವರು ಒರೆಸಿಕೊಳ್ಳುತ್ತಿದ್ದರು.

"ಅಮ್ಮ, ನೀವು ಒಳಗೆ ಬನ್ನಿ," ಎಂದು ಇನಾಸ್ ಅವರ ಕೈ ಹಿಡಿದು ಹತ್ತಿಸಿದಳು. ಉಮ್ ಶೌಕಿ ಅವರನ್ನು ಒಳಗೆ ಕರೆದೊಯ್ದರು.

ಈಗ ಮೆಟ್ಟಿಲ ಮೇಲೆ ಇಬ್ಬರೇ.

"ಇನ್ನೂ ಗೋಡೆ ನೋಡ್ತಾ ನಿಂತಿದ್ದೀರಲ್ಲ. ತಿರುಗಿ."

ಅವನು ತಿರುಗಿದ. ಅವಳ ಕಣ್ಣು ತುಂಬಿತ್ತು.

"ಬೈದಿದ್ದಕ್ಕೆ..."

"ಆ ಚಳಿಗಾಲದಲ್ಲಿ," ಅವನು ತಡೆದ, "ಏನೂ ಕೆಟ್ಟಿರ್ಲಿಲ್ಲ ಅಂತ ನನಗೆ ಗೊತ್ತಾಗ್ತಿತ್ತು ಇನಾಸ್. ನನ್ನ ಪರದೆಯಲ್ಲಿ ಎಲ್ಲ ಸರಿಯಾಗೇ ಕಾಣ್ತಿತ್ತು. ಆದ್ರೂ ಆಫ್ ಮಾಡಿ, ಆನ್ ಮಾಡಿ ಅಂತಿದ್ದೆ. ನೀವು ಇನ್ನೊಂದು ನಿಮಿಷ ಮಾತಾಡ್ಲಿ ಅಂತ."

ಅವಳು ನಾಚಿ ಮುಖ ಮುಚ್ಚಿಕೊಂಡಳು.

"ಬಾಗಿಲು ತೆಗೆದೇ ಇದೆ, ಬನ್ನಿ. ಆದ್ರೆ ಪ್ರತಿ ಸಲಾನೂ ಹೀಗೇ ಕೂಗಿ ಬರ್ಬೇಕು."

"ಮದುವೆ ಆದ್ಮೇಲೂನಾ?"

"ಆದ್ಮೇಲೂ."